ಓದುಗರ ಪ್ರಶ್ನೆ, ನಮ್ಮ ಉತ್ತರ: ಮರೆವಿಗೆ ಸಂದ ಅದ್ಭುತ ಕಥೆಗಾರರು

ಫ್ಯಾಂಟಸಿ ಮತ್ತು ವಿಲಕ್ಷಣ ಕಥೆಗಳ ಹಳೆಯ ಲೇಖಕರ ಬಗ್ಗೆ ಈ ಸಲ ಕೊಡಗಿನಿಂದಲೇ ಹೆಚ್ಚು ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ, ಉದ್ದದವನ್ನು ಮೊಟಕು ಮಾಡಿ ಇಲ್ಲಿ ಕೊಟ್ಟಿದ್ದೇವೆ.

ನನ್ನ ವಿದ್ಯಾರ್ಥಿಗಳು ಟೋಲ್ಕಿನ್, ರೌಲಿಂಗ್ ಓದಿ ಮುಗಿಸಿದ್ದಾರೆ. ಅವರಿಗಿಂತ ಹಿಂದಿನ, ಅಷ್ಟಾಗಿ ಹೆಸರು ಕೇಳದ ಲೇಖಕರನ್ನು ಹುಡುಕುವುದು ಹೇಗೆ? ‘ಓದಲೇಬೇಕಾದ ನೂರು ಪುಸ್ತಕ’ದ ಪಟ್ಟಿಗಳಲ್ಲೆಲ್ಲ ಅವೇ ಹೆಸರುಗಳು.
— ಹೈಸ್ಕೂಲು ಶಿಕ್ಷಕಿ, ವಿರಾಜಪೇಟೆ

ಒಂದು ಪಟ್ಟಿ ನೋಡಿಕೊಂಡು ಇನ್ನೊಂದು ಪಟ್ಟಿ ತಯಾರಾಗುತ್ತದೆ, ಹಾಗಾಗಿ ಅಲ್ಲಿ ಹೊಸ ಹೆಸರು ಹುಟ್ಟುವುದೇ ಇಲ್ಲ. ಪಟ್ಟಿ ಬಿಟ್ಟು, ಇಷ್ಟವಾದ ಒಂದು ಕಥೆ ಮೊದಲು ಎಲ್ಲಿ ಅಚ್ಚಾಯಿತು ಎಂದು ಹುಡುಕಿ. ಆಮೇಲೆ ಆ ಸಂಚಿಕೆಯ ಪರಿವಿಡಿ ತೆಗೆದು ಅಕ್ಕಪಕ್ಕದ ಹೆಸರುಗಳನ್ನು ನೋಡಿ. ಮರೆತುಹೋದವರು ಕುಳಿತಿರುವುದು ಅಲ್ಲೇ.

ಒಂದು ಉದಾಹರಣೆ. ಅಮೆರಿಕದ ಭಯಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್‌ನ ಅತಿ ಪ್ರಸಿದ್ಧ ಕಥೆ ‘ದಿ ಕಾಲ್ ಆಫ್ ಕ್ಥುಲು’ ಅಚ್ಚಾದದ್ದು ‘ವಿಯರ್ಡ್ ಟೇಲ್ಸ್’ ಪತ್ರಿಕೆಯ 1928ರ ಫೆಬ್ರವರಿ ಸಂಚಿಕೆಯಲ್ಲಿ. ಆ ಸಂಚಿಕೆಯ ಮುಖಪುಟ ಅದಕ್ಕೆ ಸಿಗಲಿಲ್ಲ, ಎಲಿಯಟ್ ಒಡಾನಲ್ ಬರೆದ ಒಂದು ದೆವ್ವದ ಕಥೆಗೆ ಸಿಕ್ಕಿತು. ಅಂದಿನ ಸಂಪಾದಕರ ಲೆಕ್ಕದಲ್ಲಿ ಯಾರು ದೊಡ್ಡವರು ಎಂಬುದು ಇಂದಿನ ಪಟ್ಟಿ ನೋಡಿದರೆ ತಿಳಿಯದು, ಸಂಚಿಕೆ ತೆರೆದರೆ ತಿಳಿಯುತ್ತದೆ. ಆರ್ಥರ್ ಮ್ಯಾಕೆನ್‌ನ ‘ದಿ ವೈಟ್ ಪೀಪಲ್’ 1904ರಲ್ಲಿ ಬಂದದ್ದು ‘ಹಾರ್ಲಿಕ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ. ಹೌದು, ನಮ್ಮ ಅಡುಗೆಮನೆ ಶೆಲ್ಫಿನಲ್ಲಿರುವ ಅದೇ ಹಾರ್ಲಿಕ್ಸ್! ಅದರ ಸಂಪಾದಕ ಎ. ಇ. ವೇಟ್, ಮುಂದೆ ಟ್ಯಾರೋ ಕಾರ್ಡುಗಳಿಗೆ ಹೆಸರಾದವನು.

ಹುಡುಕುವ ಕ್ರಮ ಹೀಗೆ. ಇಂಟರ್‌ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್ ಎಂಬ ಉಚಿತ ತಾಣದಲ್ಲಿ ಕಥೆಯ ಹೆಸರು ಹಾಕಿದರೆ ಅದು ಅಚ್ಚಾದ ಎಲ್ಲ ಜಾಗಗಳೂ ಇಸವಿಯ ಕ್ರಮದಲ್ಲಿ ಬರುತ್ತವೆ. ಮೊದಲ ಸಾಲನ್ನು ಒತ್ತಿದರೆ ಆ ಪತ್ರಿಕೆಯ ಅಥವಾ ಸಂಕಲನದ ಪೂರ್ತಿ ಪರಿವಿಡಿ ತೆರೆಯುತ್ತದೆ. ಅದರಲ್ಲಿ ನಿಮಗೆ ಗೊತ್ತಿಲ್ಲದ ಎರಡು ಹೆಸರು ಗುರುತು ಹಾಕಿಕೊಳ್ಳಿ. ಪ್ರತಿಯೊಬ್ಬರದೂ ಒಂದೊಂದು ಸಣ್ಣಕಥೆಯನ್ನು ಹಳೆಯ ಪುಸ್ತಕಗಳ ಉಚಿತ ತಾಣಗಳಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅಥವಾ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಓದಿ. ಕಾದಂಬರಿಗೆ ಕೈಹಾಕುವುದು ಅದಾದ ಮೇಲೆ.

ಲವ್‌ಕ್ರಾಫ್ಟ್ 1927ರಲ್ಲಿ ಪ್ರಕಟಿಸಿದ, ಅಲೌಕಿಕ ಭಯದ ಸಾಹಿತ್ಯ ಕುರಿತ ದೀರ್ಘ ಪ್ರಬಂಧವೂ ಒಳ್ಳೆಯ ದಾರಿ. ಅದರ ಕೊನೆಯ ಅಧ್ಯಾಯ ಮ್ಯಾಕೆನ್, ಬ್ಲ್ಯಾಕ್‌ವುಡ್, ಡನ್ಸೇನಿ, ಎಂ. ಆರ್. ಜೇಮ್ಸ್ ಈ ನಾಲ್ವರ ಮೇಲಿದೆ. ಆದರೆ ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ಮೊದಲ ಅಚ್ಚಿನಲ್ಲಿ ವಿಲಿಯಂ ಹೋಪ್ ಹಾಜ್ಸನ್ ಹೆಸರೇ ಇರಲಿಲ್ಲ. ಲವ್‌ಕ್ರಾಫ್ಟ್ ಅವನನ್ನು ಓದಿದ್ದೇ 1934ರಲ್ಲಿ, ಸೇರಿಸಿದ್ದೂ ಆಮೇಲೆ. ಇನ್ನೊಂದು ದಾರಿ ಬ್ಯಾಲಂಟೈನ್ ಪ್ರಕಾಶನದ ವಯಸ್ಕರ ಫ್ಯಾಂಟಸಿ ಮಾಲೆ. 1969ರಿಂದ 1974ರವರೆಗೆ ಲಿನ್ ಕಾರ್ಟರ್ ಸಂಪಾದಿಸಿದ ಈ ಮಾಲೆಯಲ್ಲಿ 65 ಪುಸ್ತಕಗಳಿವೆ. ಟೋಲ್ಕಿನ್‌ಗೆ ಮುಂಚಿನ ಬಹುತೇಕ ಮುಖ್ಯರು ಅದರಲ್ಲಿದ್ದಾರೆ.

ಮಕ್ಕಳಿಗೆ ಎಲ್ಲಿಂದ ಶುರು ಮಾಡಿಸಬೇಕು? ಲಾರ್ಡ್ ಡನ್ಸೇನಿಯ 1905ರ ‘ದಿ ಗಾಡ್ಸ್ ಆಫ್ ಪೆಗಾನಾ’ದಿಂದ. ಎರಡು ಮೂರು ಪುಟದ ತುಣುಕುಗಳು, ಒಂದು ಪೀರಿಯಡ್‌ನಲ್ಲಿ ಎರಡು ಮುಗಿಯುತ್ತವೆ. ಆಮೇಲೆ ಆಲ್ಜರ್ನನ್ ಬ್ಲ್ಯಾಕ್‌ವುಡ್‌ನ ‘ದಿ ವಿಲೋಸ್’ (1907): ಡ್ಯಾನ್ಯೂಬ್ ನದಿಯ ಪ್ರವಾಹದಲ್ಲಿ ದಿನದಿನಕ್ಕೂ ಸವೆಯುತ್ತಿರುವ ಮರಳುದ್ವೀಪ, ಅದರ ಮೇಲೆ ಸಿಕ್ಕಿಕೊಂಡ ಇಬ್ಬರು, ಸುತ್ತ ಪೊದೆಗಳು. ದೆವ್ವ ಕಾಣಿಸುವುದೇ ಇಲ್ಲ, ಅದೇ ಅದರ ಹೆಚ್ಚುಗಾರಿಕೆ. ಕಕ್ಕಡ ತಿಂಗಳ ಮಳೆಯಲ್ಲಿ ಕಾವೇರಿ ದಡ ಮೀರುವುದನ್ನು ನೋಡಿದ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೂರನೆಯದು ಜಾರ್ಜ್ ಮ್ಯಾಕ್‌ಡೊನಾಲ್ಡ್‌ನ ‘ಫ್ಯಾಂಟಸ್ಟೀಸ್’ (1858). ವಿಲಿಯಂ ಮಾರಿಸ್‌ನನ್ನು ಕೊನೆಗಿಟ್ಟುಕೊಳ್ಳಿ. ‘ಲಾರ್ಡ್ ಆಫ್ ದಿ ರಿಂಗ್ಸ್’ನ ‘ಡೆಡ್ ಮಾರ್ಷಸ್’ ಭಾಗಕ್ಕೆ ಮಾರಿಸ್‌ನ ಋಣ ಇದೆ ಎಂದು ಟೋಲ್ಕಿನ್ನೇ ಪತ್ರವೊಂದರಲ್ಲಿ ಬರೆದಿದ್ದಾನೆ ಎಂದು ಹೇಳಿದರೆ ಮಕ್ಕಳಿಗೆ ಕುತೂಹಲ ಬರುತ್ತದೆ.

ಹೆಚ್ಚಿನವರು ಓದು ಕೈಬಿಡಲು ಕಾರಣ, ಎಡವಟ್ಟು ಪುಸ್ತಕದಿಂದ ಶುರು ಮಾಡುವುದು. ಹಾಜ್ಸನ್‌ನ ‘ದಿ ನೈಟ್ ಲ್ಯಾಂಡ್’ (1912) ಕಲ್ಪನೆಯಲ್ಲಿ ಅಪೂರ್ವ. ಸೂರ್ಯ ಆರಿಹೋದ ಭೂಮಿ, ಉಳಿದ ಮನುಷ್ಯರೆಲ್ಲ ಒಂದೇ ಪಿರಮಿಡ್ಡಿನೊಳಗೆ. ಆದರೆ ಭಾಷೆ ಬೇಕೆಂದೇ ಹಳತು ಮಾಡಿದ್ದು, ಉದ್ದ ಸುಮಾರು ಎರಡು ಲಕ್ಷ ಪದ. ಅದೇ ಲೇಖಕನ ‘ದಿ ವಾಯ್ಸ್ ಇನ್ ದಿ ನೈಟ್’ (1907) ಒಂದೇ ಕೂತಿಗೆ ಮುಗಿಯುವ ಸಮುದ್ರದ ಕಥೆ, ಬೂಷ್ಟಿನ ಕಥೆ. ಜುಲೈ ತಿಂಗಳಲ್ಲಿ ಕೊಡಗಿನಲ್ಲಿ ಕೂತು ಓದಲು ಸ್ವಲ್ಪ ಧೈರ್ಯ ಬೇಕು.

ಈ ಕ್ಷೇತ್ರದಲ್ಲಿ ಆಗ ಬರೆದ ಹೆಂಗಸರೇ ಇರಲಿಲ್ಲವೆ?
— ಬಿ.ಎ. ವಿದ್ಯಾರ್ಥಿನಿ, ಗೋಣಿಕೊಪ್ಪ

ಬೇಕಾದಷ್ಟು ಜನ ಇದ್ದರು. ಹೆಸರಿನಲ್ಲಿ ಗೊತ್ತಾಗುವುದಿಲ್ಲ, ಅಷ್ಟೆ. ವರ್ನನ್ ಲೀ ಎಂದರೆ ವಯೊಲೆಟ್ ಪ್ಯಾಜೆಟ್. ಅವರ ‘ಹಾಂಟಿಂಗ್ಸ್’ (1890) ಇಂದಿಗೂ ಹೊಳಪು ಕಳೆದುಕೊಂಡಿಲ್ಲ. ಫ್ರಾನ್ಸಿಸ್ ಸ್ಟೀವನ್ಸ್ ಎಂದರೆ ಗರ್‌ಟ್ರೂಡ್ ಬ್ಯಾರೋಸ್ ಬೆನೆಟ್. ‘ಸಿಟಡೆಲ್ ಆಫ್ ಫಿಯರ್’ 1918ರಲ್ಲಿ ‘ಆರ್ಗಸಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಮಕ್ಕಳ ಪುಸ್ತಕಗಳ ಇ. ನೆಸ್ಬಿಟ್ 1893ರಲ್ಲಿ ‘ಗ್ರಿಮ್ ಟೇಲ್ಸ್’ ಎಂಬ ಭಯದ ಕಥೆಗಳ ಸಂಕಲನ ತಂದಿದ್ದರು. ಇನಿಶಿಯಲ್ ಮಾತ್ರ ಇರುವ ಹೆಸರು ಕಂಡರೆ ‘ಈತ’ ಎಂದು ಬರೆಯುವ ಮುಂಚೆ ಒಮ್ಮೆ ಪರಿಶೀಲಿಸಿ.

ನಮ್ಮ ದೇಶಕ್ಕೆ ಹತ್ತಿರದವರು ಬೇಕಿದ್ದರೆ ಇಬ್ಬರಿದ್ದಾರೆ. ಬಿ. ಎಂ. ಕ್ರೋಕರ್ ಸೇನಾಧಿಕಾರಿಯ ಹೆಂಡತಿಯಾಗಿ ಭಾರತ, ಬರ್ಮಾಗಳಲ್ಲಿ 14 ವರ್ಷ ಇದ್ದ ಐರಿಷ್ ಲೇಖಕಿ. ‘ಟು ಲೆಟ್’ (1893) ಸಂಕಲನದಲ್ಲಿ ಅವರ ಬಂಗಲೆಯ ದೆವ್ವಗಳಿವೆ. ಮಸ್ಸೂರಿಯಲ್ಲಿ ಹುಟ್ಟಿದ ಆಲಿಸ್ ಪೆರಿನ್‌ರ ‘ಈಸ್ಟ್ ಆಫ್ ಸೂಯೆಜ್’ (1901) ಇನ್ನೂ ಒಂದು ಕೈ ಮೇಲು. ಇಬ್ಬರಲ್ಲೂ ಆಳುವವರ ಕಣ್ಣೇ ಇರುವುದು. ಆಳುಕಾಳುಗಳು ಬರುವ ಪುಟಗಳನ್ನು ಆ ಎಚ್ಚರದಿಂದಲೇ ಓದಬೇಕು. ಇದಕ್ಕೆ ಎದುರಾಗಿ ರೊಕೇಯಾ ಬೇಗಂ ಅವರ ‘ಸುಲ್ತಾನಾಸ್ ಡ್ರೀಮ್’ ಇಟ್ಟುಕೊಳ್ಳಿ. 1905ರಲ್ಲಿ ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಬಂದ, ಗಂಡಸರು ಪರದೆಯೊಳಗಿರುವ ರಾಜ್ಯದ ಕಥೆ. ಅರ್ಧ ಗಂಟೆಯ ಓದು.

ಎಸ್ಟೇಟ್ ಬಂಗಲೆಯ ಅಟ್ಟದಲ್ಲಿ ಹಳೆಯ ಇಂಗ್ಲಿಷ್ ಪುಸ್ತಕಗಳ ಪೆಟ್ಟಿಗೆ ಸಿಕ್ಕಿದೆ. ಕೆಲವು ಭೂತದ ಕಥೆಗಳ ಹಾಗಿವೆ, ಆದರೆ ಹೆಸರಿನ ಪುಟವೇ ಇಲ್ಲ. ಯಾವ ಪುಸ್ತಕ ಎಂದು ಕಂಡುಹಿಡಿಯಬಹುದೆ? ಬೂಷ್ಟೂ ಹಿಡಿದಿದೆ.
— ಕಾಫಿ ಬೆಳೆಗಾರರು, ಸಿದ್ದಾಪುರ

ಬೂಷ್ಟಿನ ವಿಷಯ ಮೊದಲು, ಏಕೆಂದರೆ ಅವಸರದಲ್ಲಿ ಒರೆಸಿದರೆ ಪುಸ್ತಕವೇ ಹೋಗುತ್ತದೆ. ಒದ್ದೆ ಬೂಷ್ಟನ್ನು ಬಟ್ಟೆಯಿಂದ ಉಜ್ಜಿದರೆ ಅದು ಕಾಗದದ ಎಳೆಯೊಳಗೆ ಇಳಿದು ಕಲೆಯಾಗುತ್ತದೆ. ಪುಸ್ತಕಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಪುಟ ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ತೆಗೆಯಿರಿ. ನೇರ ಬಿಸಿಲು ಬೇಡ, ರಟ್ಟು ಸೊಟ್ಟಗಾಗುತ್ತದೆ. ನ್ಯಾಫ್ತಲೀನ್ ಗುಳಿಗೆ ಹುಳುವಿಗಾದರೂ ಸ್ವಲ್ಪ ಆದೀತು, ಬೂಷ್ಟಿಗೆ ಏನೂ ಮಾಡದು. ಮಳೆಗಾಲಕ್ಕೆ ಗಾಳಿ ಹೋಗದ ಡಬ್ಬಿ, ಒಳಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಬಣ್ಣ ಹಸಿರಿಗೆ ತಿರುಗಿದರೆ ತೇವ ತುಂಬಿದೆ ಎಂದರ್ಥ. ಸುಮಾರು 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಒದ್ದೆ ಪುಸ್ತಕವನ್ನು ಮಾತ್ರ ಡಬ್ಬಿಯಲ್ಲಿ ಮುಚ್ಚಬೇಡಿ.

ಇನ್ನು ಗುರುತು. ಮೊದಲು ಪುಟಗಳ ನೆತ್ತಿ ನೋಡಿ. ಎಡಪುಟದ ಮೇಲೆ ಪುಸ್ತಕದ ಹೆಸರು, ಬಲಪುಟದ ಮೇಲೆ ಕಥೆಯ ಅಥವಾ ಅಧ್ಯಾಯದ ಹೆಸರು ಇರುವುದು ಆ ಕಾಲದ ವಾಡಿಕೆ. ಅದು ಇದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಕೊನೆಗೆ ಹೋಗಿ. ಬ್ರಿಟನ್ನಿನಲ್ಲಿ ಅಚ್ಚಾದ ಪುಸ್ತಕವಾದರೆ ಕೊನೆಯ ಪುಟದ ಬುಡದಲ್ಲಿ ಮುದ್ರಕರ ಹೆಸರು, ಅದರ ನಂತರ ಪ್ರಕಾಶಕರ ಜಾಹೀರಾತಿನ ಹಾಳೆಗಳು ಇರುವುದುಂಟು. ಆ ಜಾಹೀರಾತಿನ ಮೇಲಿನ ಇಸವಿಯನ್ನು ಪುಸ್ತಕದ ಇಸವಿ ಎಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ಅಚ್ಚಾದ ಹಾಳೆಗಳನ್ನು ವರ್ಷಗಟ್ಟಲೆ ಇಟ್ಟು, ಬೇಕಾದಾಗ ರಟ್ಟು ಕಟ್ಟಿ, ಆಗಿನ ಹೊಸ ಜಾಹೀರಾತು ಸೇರಿಸುತ್ತಿದ್ದರು.

ಎಷ್ಟು ಪುಟ ಹೋಗಿದೆ ಎಂದು ತಿಳಿಯಲು ಕೆಲವು ಪುಟಗಳ ಅಡಿಯಲ್ಲಿ ಒಂಟಿಯಾಗಿ ನಿಂತ ಸಣ್ಣ ಇಂಗ್ಲಿಷ್ ಅಕ್ಷರ ಹುಡುಕಿ. ಅದು ಹಾಳೆ ಮಡಿಸುವವನಿಗೆ ಇದ್ದ ಗುರುತು. ಒಂದೊಂದು ಹಾಳೆ ಮಡಿಸಿ 16 ಪುಟದ ಕಟ್ಟು ಮಾಡಿದ ಪುಸ್ತಕವಾದರೆ ‘ಬಿ’ 1ನೇ ಪುಟದಲ್ಲಿ, ‘ಸಿ’ 17ರಲ್ಲಿ, ‘ಡಿ’ 33ರಲ್ಲಿ. ಇಂಗ್ಲಿಷ್ ಮುದ್ರಕರು ಜೆ, ವಿ, ಡಬ್ಲ್ಯೂ ಬಿಡುತ್ತಿದ್ದರು, ಆದ್ದರಿಂದ ‘ಐ’ ಆದಮೇಲೆ ‘ಕೆ’ ಬಂದರೆ ಕಟ್ಟು ಕಳೆದಿದೆ ಎಂದು ಗಾಬರಿಯಾಗಬೇಡಿ.

ಕೊನೆಗೆ ವಾಕ್ಯದಿಂದ ಹುಡುಕಾಟ. ಒಂದೇ ಸಾಲಿನಲ್ಲಿ ಪೂರ್ತಿ ಇರುವ, ಊರಿನ ಅಥವಾ ಪಾತ್ರದ ಹೆಸರು ಸೇರಿರುವ ಆರರಿಂದ ಎಂಟು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಸಾಲಿನ ತುದಿಯಲ್ಲಿ ಮುರಿದ ಪದ ಬಂದರೆ ಸಿಗುವುದಿಲ್ಲ. ಸ್ಕ್ಯಾನ್‌ನಿಂದ ಅಕ್ಷರ ಓದುವ ಯಂತ್ರ ಅಲ್ಲಿಯೇ ಎಡವುತ್ತದೆ. ಸಿಗದಿದ್ದರೆ ಬೇರೆ ಪುಟದ ಇನ್ನೊಂದು ವಾಕ್ಯ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ‘ಪುಸ್ತಕದೊಳಗಿನ ಪಠ್ಯ’ ಎಂಬ ಆಯ್ಕೆ ಒತ್ತಲು ಮರೆಯಬೇಡಿ, ಇಲ್ಲದಿದ್ದರೆ ಅದು ಹೆಸರುಗಳಲ್ಲಿ ಮಾತ್ರ ಹುಡುಕುತ್ತದೆ.

ನಿಮ್ಮ ಪೆಟ್ಟಿಗೆಯಲ್ಲಿ ‘ಇಂಡಿಯಾ ಮತ್ತು ವಸಾಹತುಗಳಲ್ಲಿ ಮಾತ್ರ ಮಾರಾಟಕ್ಕೆ’ ಎಂಬ ಅರ್ಥದ ಸಾಲು ಇರುವ ಪುಸ್ತಕಗಳಿದ್ದರೆ ಬೇರೆ ಇಡಿ. ಮ್ಯಾಕ್ಮಿಲನ್ ಇಂಥ ಕೊಲೋನಿಯಲ್ ಲೈಬ್ರರಿಯನ್ನು 1886ರಲ್ಲಿ ಶುರುಮಾಡಿತು. ಬೆಲೆಯ ದೃಷ್ಟಿಯಿಂದ ಇವು ಮೊದಲ ಮುದ್ರಣದ ಸಮ ಅಲ್ಲ. ಆದರೆ ಇಲ್ಲಿನ ಓದುಗರ ಕೈಗೆ ಆಗ ಯಾವ ಕಥೆಗಳು ಬಂದವು ಎಂಬುದಕ್ಕೆ ಇವೇ ಸಾಕ್ಷಿ. ಅಲಹಾಬಾದಿನಲ್ಲಿ ಪತ್ರಿಕೆ ನಡೆಸಿ, ಸಿಮ್ಲಾ ಹಿನ್ನೆಲೆಯ ‘ಮಿಸ್ಟರ್ ಐಸಾಕ್ಸ್’ (1882) ಬರೆದ ಎಫ್. ಮೇರಿಯನ್ ಕ್ರಾಫರ್ಡ್‌ನ ಹೆಸರು ಕಂಡರೆ ನೋಡಿ. ಅವನ ‘ದಿ ಅಪ್ಪರ್ ಬರ್ತ್’ ಹಡಗಿನ ದೆವ್ವದ ಕಥೆಗಳಲ್ಲಿ ಮೇಲ್ಪಂಕ್ತಿ.

ಕನ್ನಡದಲ್ಲಿ ಇಂಥ ಹಳೆಯ ಲೇಖಕರು ಯಾರು? ಇಂಗ್ಲಿಷಿನಷ್ಟು ಸುಲಭವಾಗಿ ಸಿಗುವುದಿಲ್ಲ.
— ಸೋಮವಾರಪೇಟೆ

ಸಿಗುತ್ತಾರೆ, ಆದರೆ ‘ಫ್ಯಾಂಟಸಿ’ ಎಂಬ ಕಪಾಟಿನಲ್ಲಿ ಅಲ್ಲ. ಇಲ್ಲಿ ಪರಿವಿಡಿಯ ಕೆಲಸವನ್ನು ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ ಮಾಡುತ್ತದೆ. ಮೂರು ಸಂಪುಟ: 1907, 1919, 1929. ಕವಿಯ ಕಾಲ, ಕೃತಿ, ಕೆಲವು ಪದ್ಯಗಳು ಅಲ್ಲಿವೆ. ಅದನ್ನು ಪರೀಕ್ಷೆಗೆ ಓದುವ ಹಾಗೆ ಓದದೆ, ಕಥಾವಸ್ತು ಎಲ್ಲೆಲ್ಲಿ ಸೂಚಿಸಿದ್ದಾರೆ ಎಂದು ಕಣ್ಣಾಡಿಸಿ.

ಮೊದಲು ಜನ್ನನ ‘ಯಶೋಧರ ಚರಿತೆ’ (1209). ಶಾಲೆಯಲ್ಲಿ ಇದನ್ನು ಅಹಿಂಸೆಯ ಪಾಠವಾಗಿ ಓದಿಸಿ ಅದರ ರೋಮಾಂಚನವನ್ನೇ ಕೊಂದಿದ್ದೇವೆ ಎಂಬುದು ನಮ್ಮ ಅಭಿಪ್ರಾಯ. ಮಾರಿಗುಡಿಗೆ ಬಲಿಗೆಂದು ತಂದ ಎಳೆಯ ಅಣ್ಣ ತಂಗಿ. ಕತ್ತಿ ಹಿಡಿದ ರಾಜನಿಗೆ ಆ ಹುಡುಗ ತನ್ನ ಹಿಂದಿನ ಜನ್ಮಗಳ ಕಥೆ ಹೇಳುತ್ತಾನೆ. ಆ ಕಥೆಯೊಳಗೆ ಪ್ರಾಣಿಹಿಂಸೆ ಬೇಡವೆಂದು ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಕಡಿಯುತ್ತಾರೆ. ಕತ್ತಿ ತಾಗಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ವಿಲಕ್ಷಣ ಕಥೆಗೆ ಇದಕ್ಕಿಂತ ಗಟ್ಟಿಯಾದ ಗಳಿಗೆ ಯುರೋಪಿನ ಸಂಕಲನಗಳಲ್ಲಿ ಹುಡುಕಿದರೂ ಸುಲಭವಾಗಿ ಸಿಗದು.

ಹತ್ತನೇ ಶತಮಾನದ ‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯಿಂದ ಶುರು ಮಾಡಿ, ಗದ್ಯವಾದ್ದರಿಂದ ಹಳಗನ್ನಡ ಬಾರದವರಿಗೂ ಬೇಗ ಪಳಗುತ್ತದೆ. ಕನಸಿನಲ್ಲಿ ಕಂಡವಳನ್ನು ಹುಡುಕಿ ಹೊರಡುವ ರಾಜಕುಮಾರನ ಕಥೆ ಬೇಕಿದ್ದರೆ ನೇಮಿಚಂದ್ರನ ‘ಲೀಲಾವತೀ ಪ್ರಬಂಧ’. ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯಲ್ಲಿ ಕಥೆ ಹೇಳುವುದೇ ಗಿಣಿ. ಮೂಲ ಮತ್ತು ಹೊಸಗನ್ನಡ ಗದ್ಯ ಎದುರುಬದುರು ಇರುವ ಮುದ್ರಣವನ್ನೇ ಕೇಳಿ ತನ್ನಿ. ಬರೀ ಸಾರಾಂಶದ ಪುಸ್ತಕದಲ್ಲಿ ವಿಚಿತ್ರವಾದದ್ದನ್ನೇ ಮೊದಲು ಕತ್ತರಿಸಿರುತ್ತಾರೆ.

ಸಣ್ಣಕಥೆಗಾದರೆ ಹಳೆಯ ಪತ್ರಿಕೆಗಳು. ಪಂಜೆ ಮಂಗೇಶರಾಯರನ್ನು ಕೊಡಗಿನವರು ‘ಹುತ್ತರಿ ಹಾಡಿ’ನಿಂದಲೂ ಮಡಿಕೇರಿಯ ಮುಖ್ಯೋಪಾಧ್ಯಾಯರಾಗಿಯೂ ಬಲ್ಲರು. ಅವರ ಆರಂಭದ ಕಥೆಗಳು 1900ರ ಹೊತ್ತಿಗೆ ಮಂಗಳೂರಿನ ‘ಸುವಾಸಿನಿ’ಯಲ್ಲಿ ಬಂದವು. ಅಂಥ ಪತ್ರಿಕೆಗಳ ಬಿಡಿ ಸಂಚಿಕೆಗಳಲ್ಲಿ ಸಹಿ ಇಲ್ಲದ, ಕಾವ್ಯನಾಮದ ಅದ್ಭುತ ಕಥೆಗಳು ಎದುರಾದರೆ ಅಚ್ಚರಿಪಡಬೇಡಿ. ಸ್ಕ್ಯಾನ್ ಆದ ಕನ್ನಡ ಪುಸ್ತಕಗಳ ಹೆಸರು ರೋಮನ್ ಅಕ್ಷರದಲ್ಲಿ, ಮನಬಂದ ಕಾಗುಣಿತದಲ್ಲಿ ಇರುತ್ತದೆ. ದೀರ್ಘಕ್ಕೆ ಒಂದು ‘ಎ’, ಎರಡು ‘ಎ’. ‘ಶ’ಕಾರಕ್ಕೆ ‘ಎಚ್’ ಇಟ್ಟು, ಬಿಟ್ಟು. ಹೀಗೆ ನಾಲ್ಕೂ ರೀತಿ ಹಾಕಿ ನೋಡಿ. ಅಲ್ಲಿ ನಮೂದಿಸಿದ ಇಸವಿಯನ್ನು ನಂಬದೆ ಮುಖಪುಟದ ಒಳಗಿನ ಹಾಳೆ ತೆರೆದು ಓದಿ. ಮೈಸೂರಿನ ಸಂಗ್ರಹಗಳಿಗೆ ಹೋಗುವುದಾದರೆ ಮೊದಲು ಫೋನ್ ಮಾಡಿ, ಗುರುತಿನ ಚೀಟಿ ಒಯ್ಯಿರಿ. ಹೊರಗಿನವರಿಗೆ ಸಾಮಾನ್ಯವಾಗಿ ಅಲ್ಲೇ ಕೂತು ಓದಲು ಮಾತ್ರ ಬಿಡುತ್ತಾರೆ.

‘ಪಟ್ಟೋಲೆ ಪಳಮೆ’ಯನ್ನು ಕೊಡಗಿನ ಫ್ಯಾಂಟಸಿ ಎಂದು ಕರೆಯಬಹುದೆ?
— ನಾಪೋಕ್ಲು

ಬೇಡ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಈ ಗ್ರಂಥ ಜನ ಇಂದಿಗೂ ಹಾಡುವ, ನಡೆದುಕೊಳ್ಳುವ ಪರಂಪರೆಯ ಸಂಗ್ರಹ. ದೇವರ ಹಾಡನ್ನು ಕಟ್ಟುಕಥೆಯ ಶೆಲ್ಫಿನಲ್ಲಿಡುವುದು ಐನ್‌ಮನೆಯ (ಕೊಡವ ಕುಲದ ಮೂಲಮನೆಯ) ದೀಪವನ್ನು ಶೋಕೇಸಿನಲ್ಲಿಟ್ಟ ಹಾಗೆ. ಒಬ್ಬ ಲೇಖಕ ತನ್ನ ಕಲ್ಪನೆಯಿಂದ ಕಟ್ಟಿದ್ದು ಬೇಕಿದ್ದರೆ ಹರಿದಾಸ ಅಪ್ಪಚ್ಚ ಕವಿಗಳ ಕೊಡವ ನಾಟಕಗಳಿವೆ, 1906ರ ‘ಯಯಾತಿ’ಯಿಂದ ಮೊದಲ್ಗೊಂಡು. ವಸ್ತು ಪುರಾಣದ್ದು, ರಂಗಕ್ಕೆ ತಂದ ಬಗೆ ಅವರದು.

ಇಂಥ ಕಥೆಗಳನ್ನು ಕನ್ನಡಕ್ಕೆ ಅನುವಾದಿಸಿ ಪುಸ್ತಕ ಮಾಡಬೇಕೆಂದಿದ್ದೇನೆ. ಇಂಟರ್‌ನೆಟ್ಟಿನಲ್ಲಿ ಉಚಿತವಾಗಿರುವುದನ್ನೆಲ್ಲ ಅನುವಾದಿಸಬಹುದಲ್ಲವೆ?
— ಕುಶಾಲನಗರ

ಇಲ್ಲ, ಇಲ್ಲೇ ಹೆಚ್ಚಿನವರು ಎಡವುತ್ತಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಹಕ್ಕು ಉಳಿಯುತ್ತದೆ. ಅಮೆರಿಕದಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟವಾದ ಇಸವಿಯ ಲೆಕ್ಕ. ಗುಟೆನ್‌ಬರ್ಗ್ ನಡೆಯುವುದು ಅಮೆರಿಕದ ಲೆಕ್ಕದಲ್ಲಿ.

ಹೋಪ್ ಮಿರ್‌ಲೀಸ್ ಅವರ ‘ಲಡ್-ಇನ್-ದಿ-ಮಿಸ್ಟ್’ ತೆಗೆದುಕೊಳ್ಳಿ. 1926ರಲ್ಲಿ ಬಂದದ್ದು, ಅಮೆರಿಕದಲ್ಲಿ 2022ರಿಂದ ಮುಕ್ತ. ಆದರೆ ಲೇಖಕಿ ತೀರಿಕೊಂಡದ್ದು 1978ರಲ್ಲಿ, ಆದ್ದರಿಂದ ಭಾರತದಲ್ಲಿ 2038ರ ಕೊನೆಯವರೆಗೆ ಅನುಮತಿ ಬೇಕು. ಇದೇ ಪುಸ್ತಕವನ್ನು 1970ರಲ್ಲಿ ಬ್ಯಾಲಂಟೈನ್ ಮಾಲೆಯವರು ಲೇಖಕಿಯ ಒಪ್ಪಿಗೆ ಪಡೆಯದೆ ಅಚ್ಚು ಹಾಕಿದಾಗ ಅವರಿನ್ನೂ ಬದುಕಿದ್ದರು. ಉಲ್ಟಾ ಉದಾಹರಣೆಯೂ ಇದೆ. ಡನ್ಸೇನಿ ತೀರಿಕೊಂಡದ್ದು 1957ರಲ್ಲಿ. ಅವನು ಬದುಕಿದ್ದಾಗ ಪ್ರಕಟವಾದದ್ದೆಲ್ಲ 2018ರಿಂದ ನಮ್ಮಲ್ಲಿ ಮುಕ್ತ. ಆದರೂ 1930ರ ದಶಕದ ಅವನ ಪುಸ್ತಕಗಳು ಅಮೆರಿಕದ ತಾಣಗಳಲ್ಲಿ ಸಿಗದೆ ಹೋಗಬಹುದು. ಬ್ಲ್ಯಾಕ್‌ವುಡ್ (ತೀರಿಕೊಂಡದ್ದು 1951), ಮ್ಯಾಕೆನ್ (1947), ಫ್ಯಾಂಟಸಿ ಲೇಖಕರಾದ ಇ. ಆರ್. ಎಡಿಸನ್ (1945), ಕ್ಲಾರ್ಕ್ ಆಶ್ಟನ್ ಸ್ಮಿತ್ (1961) ಎಲ್ಲರೂ ನಮ್ಮ ಲೆಕ್ಕಕ್ಕೆ ಮುಕ್ತರೇ.

ಬಂಗಾಳಿ, ಹಿಂದಿ ಕಥೆಗಳನ್ನು ಇಂಗ್ಲಿಷ್ ಮೂಲಕ ತರುವವರು ಇನ್ನೊಂದು ಲೆಕ್ಕ ನೋಡಬೇಕು. ತ್ರೈಲೋಕ್ಯನಾಥ ಮುಖೋಪಾಧ್ಯಾಯರು 1919ರಲ್ಲೇ ಹೋದರು, ‘ಕಂಕಾವತಿ’ (1892) ಮುಕ್ತ. ಆದರೆ ಅದರ ಹೊಸ ಇಂಗ್ಲಿಷ್ ಅನುವಾದ ಅನುವಾದಕರ ಸ್ವತ್ತು. ಹೊಸ ಮುದ್ರಣಗಳ ಮುನ್ನುಡಿ, ಟಿಪ್ಪಣಿ, ಚಿತ್ರಗಳಿಗೂ ಇದೇ ಮಾತು. ಮೂಲದ ಹಳೆಯ ಮುದ್ರಣವನ್ನು ಎದುರಿಗಿಟ್ಟುಕೊಂಡೇ ಕೆಲಸ ಮಾಡಿ, ಯಾವ ಮುದ್ರಣ ಎಂದು ಪುಸ್ತಕದಲ್ಲಿ ನಮೂದಿಸಿ.

ಧಾಟಿಯ ಬಗ್ಗೆ ಒಂದು ಮಾತು. ಡನ್ಸೇನಿಯ ಇಂಗ್ಲಿಷ್ ಬೈಬಲ್ಲಿನ ಗತ್ತಿನದು. ಅದಕ್ಕೆ ಸಮನಾಗಲೆಂದು ಹಳಗನ್ನಡದ ಪದ ತುರುಕಿದರೆ ಓದುಗ ಎರಡನೇ ಪುಟದಲ್ಲೇ ಏಳುತ್ತಾನೆ. ಅಜ್ಜಿ ಕಥೆ ಹೇಳುವ ಸರಳ ಸಾಲುಗಳಲ್ಲಿ, ಕ್ರಿಯಾಪದವನ್ನು ಮರುಕಳಿಸುತ್ತ ಹೋದರೆ ಗತ್ತು ತಾನಾಗಿ ಬರುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಓದುವುದು ಹೇಗೆ?
— ಭಾಗಮಂಡಲ

ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ. ಗುಟೆನ್‌ಬರ್ಗ್‌ನಲ್ಲಿ ಚಿತ್ರವಿಲ್ಲದ ಇಪಬ್ ಎಂಬ ಇ-ಪುಸ್ತಕದ ಕಡತ ಆರಿಸಿದರೆ ಒಂದು ಕಾದಂಬರಿ ಸಾಮಾನ್ಯವಾಗಿ ಒಂದು ಎಂಬಿಯೊಳಗೆ ಮುಗಿಯುತ್ತದೆ. ಆರ್ಕೈವ್‌ನ ಸ್ಕ್ಯಾನ್ ಪಿಡಿಎಫ್ ಹತ್ತಾರು ಎಂಬಿ ಆಗುತ್ತದೆ, ಅರ್ಧಕ್ಕೆ ನಿಂತರೆ ತೆರೆಯುವುದೂ ಇಲ್ಲ. ಪತ್ರಿಕೆಗಳ ಸಂಚಿಕೆಗಳಿಗೆ ಪಿಡಿಎಫ್ ಬಿಟ್ಟರೆ ಗತಿಯಿಲ್ಲ. ಅವನ್ನು ಮಡಿಕೇರಿಗೋ ಕುಶಾಲನಗರಕ್ಕೋ ಹೋದಾಗ ಇಳಿಸಿ, ಇಳಿಸಿದ ಮೇಲೆ ಕೊನೆಯ ಪುಟ ತೆರೆದು ನೋಡಿಯೇ ಹೊರಡಿ. ಆರ್ಕೈವ್ ತಾನಾಗಿ ಮಾಡಿದ ಇಪಬ್‌ನಲ್ಲಿ ತಪ್ಪಕ್ಷರ ವಿಪರೀತ, ಅದನ್ನು ಮುಟ್ಟಬೇಡಿ. ಫೋನಿನ ಪರದೆಯನ್ನು ಕಪ್ಪು ಹಿನ್ನೆಲೆಗೆ ಹಾಕಿ, ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಸಿಗ್ನಲ್ ಹುಡುಕುತ್ತ ಇರುವ ಫೋನೇ ಬೇಗ ಖಾಲಿಯಾಗುವುದು.